ಹಿಮಾಲಯ ಹತ್ತುವ ಮೂತ್ರಪಿಂಡ

ನೇಪಾಳದ ಅನ್ನಪೂರ್ಣ ಪರಿಕ್ರಮದಂಥ ದೂರದ ಚಾರಣಕ್ಕೆ ಹೊರಡುವ ಚಿಕ್ಕಮಗಳೂರಿನವರಿಗೆ ತಾಲೀಮು ಎಂದರೆ ಮುಳ್ಳಯ್ಯನಗಿರಿ. ಬಿಡುವಾದಾಗಲೆಲ್ಲ ಸರ್ಪದಾರಿ ಹಿಡಿದು ಹತ್ತಿ, ಗಿರಿಸಾಲಿನ ನೆತ್ತಿಯ ಮೇಲೆಯೇ ಬಾಬಾಬುಡನ್‌ಗಿರಿಯತ್ತ ನಡೆದರೆ ಕಾಲು ಗಟ್ಟಿಯಾಗುತ್ತದೆ, ಮಂಡಿ ಪಳಗುತ್ತದೆ, ಹೊಸ ಬೂಟು ಎಲ್ಲಿ ಕಚ್ಚುತ್ತದೆ ಎಂಬುದೂ ತಿಳಿಯುತ್ತದೆ. ಆದರೆ ನಾಲ್ಕೈದು ಸಾವಿರ ಮೀಟರ್ ಎತ್ತರದಲ್ಲಿ ಮನುಷ್ಯನನ್ನು ಉಳಿಸುವ ಅಂಗ ಈ ತಾಲೀಮಿನಿಂದ ಒಂದಿಷ್ಟೂ ಪಳಗುವುದಿಲ್ಲ. ಆ ಅಂಗ ಕಾಲಲ್ಲ, ಎದೆಯೂ ಅಲ್ಲ, ಮೂತ್ರಪಿಂಡ. ಇದನ್ನು ಹೇಳಿದಾಗ ಹೆಚ್ಚಿನವರು ನಂಬುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಬೇಕು. ‘ಮೇಲೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುತ್ತದೆ’ ಎಂಬ ಮಾತು ಸರಿಯಲ್ಲ. ಮಂಗಳೂರಿನ ಕಡಲತೀರದಲ್ಲಿ, ಮುಳ್ಳಯ್ಯನಗಿರಿಯಲ್ಲಿ, ಎವರೆಸ್ಟಿನ ತುದಿಯಲ್ಲಿ, ಎಲ್ಲೆಡೆಯೂ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇಕಡಾ 20.9. ಕಡಿಮೆಯಾಗುವುದು ಗಾಳಿಯ ಒತ್ತಡ. ಮುಳ್ಳಯ್ಯನಗಿರಿಯ ತುದಿಯಲ್ಲಿ ಕುಡಿದು ಮುಗಿಸಿದ ತೆಳು ಪ್ಲಾಸ್ಟಿಕ್ ಬಾಟಲಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ, ಕಾರಿನಲ್ಲಿಟ್ಟು, ಚಾರ್ಮಾಡಿ ಘಾಟಿ ಇಳಿದು ನೋಡಿ: ಯಾರೂ ಮುಟ್ಟದಿದ್ದರೂ ಅದರ ಪಕ್ಕೆಗಳು ಒಳಕ್ಕೆ ಕುಸಿದಿರುತ್ತವೆ, ಮುಚ್ಚಳ ಬಿಚ್ಚಿದರೆ ಗಾಳಿ ‘ಸುಯ್’ ಎಂದು ಒಳನುಗ್ಗುತ್ತದೆ. ಬೆಟ್ಟದ ಮೇಲಿನ ಗಾಳಿ ಎಷ್ಟು ವಿರಳ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಈ ಒತ್ತಡವನ್ನು ಪಾದರಸದ ಮಿಲಿಮೀಟರುಗಳಲ್ಲಿ ಅಳೆಯುತ್ತಾರೆ. ಸಮುದ್ರಮಟ್ಟದಲ್ಲಿ ಅದು 760; 1,930 ಮೀಟರಿನ ಮುಳ್ಳಯ್ಯನಗಿರಿಯಲ್ಲಿ ಸುಮಾರು 600; ಅನ್ನಪೂರ್ಣ ಪರಿಕ್ರಮದ ಅತ್ಯುನ್ನತ ಸ್ಥಳವಾದ 5,416 ಮೀಟರಿನ ಥೊರಾಂಗ್ ಲಾ ಕಣಿವೆದಾರಿಯಲ್ಲಿ ಸುಮಾರು 380, ಅಂದರೆ ಅರ್ಧ. ಇಷ್ಟಕ್ಕೇ ಮುಗಿಯುವುದಿಲ್ಲ. ನಾವು ಎಳೆದುಕೊಂಡ ಗಾಳಿ ಶ್ವಾಸಕೋಶ ಮುಟ್ಟುವುದರೊಳಗೆ ಮೈಯ ಶಾಖಕ್ಕೆ ಬೆಚ್ಚಗಾಗಿ ನೀರಿನ ಆವಿಯಿಂದ ತುಂಬಿಕೊಳ್ಳುತ್ತದೆ. ಆ ಆವಿಯ ಒತ್ತಡ 47 ಮಿಲಿಮೀಟರ್. ಎತ್ತರ ಎಷ್ಟೇ ಇರಲಿ, ಅದು ಬದಲಾಗುವುದಿಲ್ಲ. ಆದ್ದರಿಂದ ಆ 47ನ್ನು ಕಳೆದು ಉಳಿದದ್ದರಲ್ಲಿ ಮಾತ್ರ ಆಮ್ಲಜನಕಕ್ಕೆ ಪಾಲು. ಲೆಕ್ಕ ಹಾಕಿದರೆ ಆಮ್ಲಜನಕದ ಒತ್ತಡ ಸಮುದ್ರಮಟ್ಟದಲ್ಲಿ 149, ಮುಳ್ಳಯ್ಯನಗಿರಿಯಲ್ಲಿ 116, ಥೊರಾಂಗ್ ಲಾದಲ್ಲಿ 70. ನಮ್ಮ ರಾಜ್ಯದ ಅತಿ ಎತ್ತರದ ಶಿಖರದ ಮೇಲೆ ನಿಂತಾಗಲೂ ದೇಹಕ್ಕೆ ಹೇಳಿಕೊಳ್ಳುವಂಥ ಕೊರತೆ ಬಂದಿರುವುದಿಲ್ಲ. ಕೊನೆಯ ಮೆಟ್ಟಿಲುಗಳಲ್ಲಿ ಬರುವ ಏದುಸಿರು ಬರೀ ಆಯಾಸದ್ದು.

ಎತ್ತರದ ಕಾಯಿಲೆಗೆ ಒತ್ತಡವೇ ಕಾರಣ ಎಂದು ತಿಳಿಯಲು ಜನರಿಗೆ ಬಹಳ ಕಾಲ ಹಿಡಿಯಿತು. ಹಿಮಾಲಯದ ಹಳ್ಳಿಗರು ವಿಷದ ಗಿಡಗಳಿಂದ ಬೀಸುವ ಗಾಳಿಯೇ ಇದಕ್ಕೆ ಕಾರಣ ಎನ್ನುತ್ತಿದ್ದರು. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ ದಾಟುವಾಗ ವಾಂತಿಯಿಂದ ಬಳಲಿದ ಸ್ಪೇನಿನ ಪಾದ್ರಿ ಹೊಸೆ ದೆ ಅಕೋಸ್ತಾ, ಅಲ್ಲಿನ ಗಾಳಿ ಮನುಷ್ಯನ ಉಸಿರಿಗೆ ಸಾಲದಷ್ಟು ತೆಳುವಾಗಿದೆ ಎಂದು 1590ರಲ್ಲೇ ಬರೆದಿದ್ದರು. ವಾಯುಭಾರಮಾಪಕ ಹುಟ್ಟುವುದಕ್ಕೆ ಇನ್ನೂ ಅರ್ಧ ಶತಮಾನವಿದ್ದ ಕಾಲದಲ್ಲಿ ಇದು ಅಸಾಧಾರಣ ಊಹೆ. ಅದನ್ನು ಪ್ರಯೋಗದಿಂದ ಸಾಧಿಸಿದವರು ಫ್ರಾನ್ಸಿನ ಪಾಲ್ ಬೆರ್. ಒತ್ತಡ ಇಳಿಸಿದ ಕೋಣೆಯೊಳಗೆ ತಾವೇ ಕುಳಿತು, ತಲೆ ಸುತ್ತಿದಾಗ ಆಮ್ಲಜನಕ ಸೇದಿ, ಅದೇ ಒತ್ತಡದಲ್ಲಿ ಚೇತರಿಸಿಕೊಂಡು ತೋರಿಸಿದ ಅವರು 1878ರಲ್ಲಿ ಎಲ್ಲವನ್ನೂ ಗ್ರಂಥವಾಗಿ ಪ್ರಕಟಿಸಿದರು. ಅದಕ್ಕೆ ಮೂರು ವರ್ಷ ಮೊದಲು, 1875ರ ಏಪ್ರಿಲ್ 15ರಂದು, ‘ಜೆನಿತ್’ ಎಂಬ ಬಲೂನಿನಲ್ಲಿ ಮೂವರು 8 ಸಾವಿರ ಮೀಟರಿಗೂ ಮೇಲೆ ಏರಿದ್ದರು. ಆಮ್ಲಜನಕದ ಚೀಲಗಳು ಕೈಗೆಟಕುವಷ್ಟು ಹತ್ತಿರವಿದ್ದರೂ ಇಬ್ಬರು ಸತ್ತರು. ಬದುಕುಳಿದ ಟಿಸಾಂಡಿಯೆ, ಆ ಹೊತ್ತಿನಲ್ಲಿ ತಮಗೆ ನೋವಾಗಲಿ ಭಯವಾಗಲಿ ಇರಲಿಲ್ಲ, ಒಳಗೊಂದು ಹಿತವೇ ಇತ್ತು ಎಂದು ದಾಖಲಿಸಿದ್ದಾರೆ. ಆಮ್ಲಜನಕದ ಕೊರತೆ ಮೊದಲು ಮಂಕಾಗಿಸುವುದು ಕೊರತೆಯನ್ನು ಗುರುತಿಸಬೇಕಾದ ಮಿದುಳನ್ನೇ. ಚಾರಣದಲ್ಲಿ ‘ನನಗೇನೂ ಆಗಿಲ್ಲ, ನಡೆಯಿರಿ’ ಎನ್ನುವವರ ಮಾತನ್ನು ಜೊತೆಗಾರರು ಪೂರ್ತಿ ನಂಬಬಾರದೆನ್ನುವುದು ಇದಕ್ಕೇ.

ಈಗ ಮೂತ್ರಪಿಂಡಕ್ಕೆ ಬರೋಣ. ಕತ್ತಿನ ಎರಡೂ ಬದಿಯ ರಕ್ತನಾಳಗಳಲ್ಲಿ ಅಕ್ಕಿಕಾಳಿನಷ್ಟು ಗಾತ್ರದ ಸಂವೇದಕಗಳಿವೆ. ರಕ್ತದಲ್ಲಿ ಆಮ್ಲಜನಕ ಇಳಿದೊಡನೆ ಅವು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ, ಉಸಿರಾಟ ಹೆಚ್ಚುತ್ತದೆ. ಹೆಚ್ಚು ಉಸಿರಾಡುವುದರ ನಿಜವಾದ ಲಾಭ ಇಂಗಾಲದ ಡೈಆಕ್ಸೈಡನ್ನು ಹೊರಗಟ್ಟುವುದರಲ್ಲಿದೆ: ಶ್ವಾಸಕೋಶದ ಗೂಡುಗಳಲ್ಲಿ ಅದು ತೆರವು ಮಾಡಿದ ಜಾಗವೇ ಆಮ್ಲಜನಕಕ್ಕೆ ಸಿಗುತ್ತದೆ. ನಮ್ಮೂರಿನಲ್ಲಿ ಅದರ ಒತ್ತಡ ಸುಮಾರು 40 ಇರುತ್ತದೆ. 1981ರಲ್ಲಿ ಅಮೆರಿಕದ ವೈದ್ಯರ ತಂಡವೊಂದು ಎವರೆಸ್ಟಿನ ತುದಿಯಲ್ಲೇ ಉಸಿರಿನ ಮಾದರಿ ಸಂಗ್ರಹಿಸಿ ಅಳೆದಾಗ ಅದು 7.5ಕ್ಕೆ ಇಳಿದಿತ್ತು.

ತೊಡಕು ಇರುವುದೂ ಇಲ್ಲಿಯೇ. ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ ಆಮ್ಲವಾಗಿ ವರ್ತಿಸುತ್ತದೆ. ರಕ್ತವನ್ನು ಒಂದು ತಕ್ಕಡಿ ಎಂದುಕೊಂಡರೆ ಒಂದು ತಟ್ಟೆಯಲ್ಲಿ ಈ ಆಮ್ಲ, ಇನ್ನೊಂದರಲ್ಲಿ ಬೈಕಾರ್ಬನೇಟ್ ಎಂಬ ಕ್ಷಾರ. ಜೋರು ಉಸಿರಾಟ ಆಮ್ಲದ ತಟ್ಟೆಯನ್ನು ಬರಿದು ಮಾಡಿದಂತೆ ತಕ್ಕಡಿ ಕ್ಷಾರದ ಕಡೆಗೆ ವಾಲುತ್ತದೆ, ಅದನ್ನು ಕಂಡ ಮಿದುಳು ‘ಉಸಿರು ಸಾಕು’ ಎಂದು ತಡೆಯುತ್ತದೆ. ಆಮ್ಲಜನಕದ ಸಂವೇದಕ ‘ಇನ್ನೂ ಬೇಕು’ ಎನ್ನುತ್ತಿರುವಾಗಲೇ ಈ ತಡೆ ಬೀಳುತ್ತದೆ. ಎತ್ತರದ ಊರಿನ ಮೊದಲ ರಾತ್ರಿಗಳಲ್ಲಿ ಪಕ್ಕದಲ್ಲಿ ಮಲಗಿದವರ ಉಸಿರು ಕೇಳಿದರೆ ಈ ಜಗ್ಗಾಟ ಕಿವಿಗೇ ತಿಳಿಯುತ್ತದೆ: ಉಸಿರು ಏರುತ್ತ ಹೋಗುತ್ತದೆ, ಇಳಿಯುತ್ತದೆ, ಕೆಲವು ಸೆಕೆಂಡು ಪೂರ್ತಿ ನಿಂತೇ ಹೋಗುತ್ತದೆ, ಮತ್ತೆ ದಿಗ್ಗನೆ ಶುರುವಾಗುತ್ತದೆ.

ವಾಲಿದ ತಕ್ಕಡಿಯನ್ನು ಸರಿದೂಗಿಸುವುದು ಮೂತ್ರಪಿಂಡದ ಕೆಲಸ. ಅದು ಕ್ಷಾರದ ತಟ್ಟೆಯಿಂದ ಬೈಕಾರ್ಬನೇಟನ್ನು ತೆಗೆದು ಮೂತ್ರದಲ್ಲಿ ಹೊರಹಾಕುತ್ತದೆ. ತಡೆ ಸಡಿಲವಾದಷ್ಟೂ ಉಸಿರಾಟ ಹೆಚ್ಚುತ್ತದೆ, ಆಮ್ಲಜನಕ ಏರುತ್ತದೆ. ಉಸಿರು ಹೆಚ್ಚಲು ನಿಮಿಷ ಸಾಕು, ಮೂತ್ರಪಿಂಡಕ್ಕೆ ಮಾತ್ರ ದಿನಗಳು ಬೇಕು. ಅವಸರ ಮಾಡಿದರೆ ಅದು ಕೇಳುವುದಿಲ್ಲ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬೇಡಿ, ಮೂರು ನಾಲ್ಕು ದಿನಕ್ಕೊಮ್ಮೆ ಇದ್ದಲ್ಲೇ ಇರಿ ಎಂಬ ವೈದ್ಯರ ನಿಯಮಕ್ಕೆ ಇದೇ ಆಧಾರ. ಸುಮಾರು 3,500 ಮೀಟರಿನ ಮನಾಂಗ್ ಎಂಬ ಹಳ್ಳಿಯಲ್ಲಿ ಪರಿಕ್ರಮದವರೆಲ್ಲ ಒಂದು ದಿನ ಹೆಚ್ಚು ತಂಗುವ ರೂಢಿ ಬಂದದ್ದೂ ಹೀಗೆಯೇ.

ನನಗೆ ಹೆಚ್ಚು ಚಿಂತೆಯಾಗುವುದು ನಡೆಯದೆ ಹೋಗುವವರ ಬಗ್ಗೆ. ಥೊರಾಂಗ್ ಲಾದ ಆಚೆ ಬದಿಯಲ್ಲಿ ಸುಮಾರು 3,700 ಮೀಟರಿನಲ್ಲಿರುವ ಮುಕ್ತಿನಾಥಕ್ಕೆ ನಮ್ಮ ಚಿಕ್ಕಮಗಳೂರು, ಹಾಸನದ ಕಡೆಯಿಂದ ಹಿರಿಯರೂ ಯಾತ್ರೆ ಹೋಗುತ್ತಾರೆ. ಸಾವಿರ ಮೀಟರೂ ಇಲ್ಲದ ಪೋಖರಾದಿಂದ ವಿಮಾನದಲ್ಲಿ ಜೋಮ್ಸೋಮ್, ಅಲ್ಲಿಂದ ಜೀಪು. ಮೂತ್ರಪಿಂಡ ಕೆಲಸ ಶುರುಮಾಡುವ ಮೊದಲೇ ದೇವಸ್ಥಾನದ ಬಾಗಿಲು. ಇವರ ಕೊರಳಲ್ಲಿ ಬಟ್ಟೆಯ ಗಂಟಿನೊಳಗೆ ಕರ್ಪೂರ ಇರುತ್ತದೆ. ಮೂಸಿದರೆ ಆಮ್ಲಜನಕ ಹೆಚ್ಚುತ್ತದೆಂದು ಟೂರಿನವರೂ ಹೇಳಿ ಕಳಿಸುತ್ತಾರೆ. ಕರ್ಪೂರ ಮೂಗಿನ ನರಗಳನ್ನು ಕೆಣಕಿ ಗಾಳಿ ಸರಾಗವಾಗಿ ಹೋದ ಭಾವನೆ ಕೊಡುತ್ತದೆಯೇ ಹೊರತು ರಕ್ತಕ್ಕೆ ಆಮ್ಲಜನಕವನ್ನು ಸೇರಿಸುವುದಿಲ್ಲ. ಭಾವನೆ ಕೊಡುವುದೇ ಅದರ ಅಪಾಯ, ಏಕೆಂದರೆ ಕೆಳಗಿಳಿಯಬೇಕಾದವರು ‘ಈಗ ಪರವಾಗಿಲ್ಲ’ ಎಂದು ಅಲ್ಲೇ ಕೂರುತ್ತಾರೆ. ಇನ್ನು ಕರ್ಪೂರವನ್ನು ನುಂಗುವುದಂತೂ ನೇರ ವಿಷ, ಮಕ್ಕಳಿಗೆ ಫಿಟ್ಸ್ ಬರಿಸುತ್ತದೆ. ಚಾರಣದ ದಾರಿಯ ಲಾಡ್ಜುಗಳಲ್ಲಿ ಇದೇ ಮಹಿಮೆಯನ್ನು ಬೆಳ್ಳುಳ್ಳಿ ಸೂಪಿಗೆ ಹೇಳುತ್ತಾರೆ. ಬಿಸಿ ಸೂಪು ಒಳ್ಳೆಯದೇ, ಔಷಧಿ ಎಂದುಕೊಳ್ಳಬಾರದಷ್ಟೆ.

ಗಟ್ಟಿಮುಟ್ಟಾದವರಿಗೆ ಏನೂ ಆಗುವುದಿಲ್ಲ ಎಂಬ ಇನ್ನೊಂದು ನಂಬಿಕೆಯ ವಿರುದ್ಧ ಸಾಕ್ಷ್ಯ ಕೊಟ್ಟವರು ನಮ್ಮ ಸೈನಿಕರೇ. ವೇಗವಾಗಿ ಎತ್ತರದ ಗಡಿಗೆ ಒಯ್ಯಲ್ಪಟ್ಟು ಕಾಯಿಲೆ ಬಿದ್ದ 1,925 ಸೈನಿಕರನ್ನು ಇಂದರ್ ಸಿಂಗ್ ಮತ್ತು ಸಂಗಡಿಗರು ಅಧ್ಯಯನ ಮಾಡಿ 1969ರಲ್ಲಿ ಪ್ರಕಟಿಸಿದ ವರದಿಯನ್ನು ಜಗತ್ತು ಇಂದಿಗೂ ಉಲ್ಲೇಖಿಸುತ್ತದೆ. ಅವರಿಗಿಂತ ಗಟ್ಟಿಮುಟ್ಟಾದವರು ನಮ್ಮ ಚಾರಣಿಗರಲ್ಲಿ ಎಷ್ಟು ಜನ?

ಕೆಂಪು ರಕ್ತಕಣ ಹೆಚ್ಚುವುದರಿಂದ ದೇಹ ಎತ್ತರಕ್ಕೆ ಒಗ್ಗುತ್ತದೆ ಎಂದು ಓದಿದವರಿರಬಹುದು. ಅದು ಸುಳ್ಳಲ್ಲ, ಆದರೆ ಅದಕ್ಕೆ ವಾರಗಳು ಬೇಕು. ಅಷ್ಟರಲ್ಲಿ ಪರಿಕ್ರಮವೇ ಮುಗಿದಿರುತ್ತದೆ. ಮೊದಲ ವಾರದ ರಕ್ಷಣೆಯಲ್ಲಿ ದೊಡ್ಡ ಪಾಲು ಉಸಿರಿನದು, ಉಸಿರಿಗೆ ದಾರಿ ಬಿಟ್ಟುಕೊಡುವ ಮೂತ್ರಪಿಂಡದ್ದು. ವೈದ್ಯರು ಬರೆದುಕೊಡುವ ಡಯಾಮಾಕ್ಸ್ ಮಾತ್ರೆ, ಅಂದರೆ ಅಸೆಟಜೋಲಮೈಡ್, ಮಾಡುವುದೂ ಮೂತ್ರಪಿಂಡದಿಂದ ಬೈಕಾರ್ಬನೇಟನ್ನು ಬೇಗ ಹೊರಹಾಕಿಸುವ ಕೆಲಸವನ್ನೇ. ಸಲ್ಫಾ ಅಲರ್ಜಿ ಇರುವವರು ವೈದ್ಯರಿಗೆ ತಿಳಿಸದೆ ಅದನ್ನು ತೆಗೆದುಕೊಳ್ಳಬಾರದು. ತಲೆನೋವಿನ ಜೊತೆಗೆ ವಾಕರಿಕೆ, ಸುಸ್ತು ಬಂದರೆ ಅಲ್ಲಿಗೇ ಏರುವುದನ್ನು ನಿಲ್ಲಿಸಬೇಕು. ನೇರ ಗೆರೆಯ ಮೇಲೆ ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ ನಡೆಯಲಾಗದೆ ತೂರಾಡಿದರೆ ಅಥವಾ ಕುಳಿತಲ್ಲೇ ಉಸಿರು ಕಟ್ಟಿದರೆ, ರಾತ್ರಿಯಾಗಿದ್ದರೂ ಕೆಳಗಿಳಿಸಲೇಬೇಕು. ಊರಿಗೆ ಮರಳಿದ ಕೆಲವೇ ದಿನಗಳಲ್ಲಿ ಮೂತ್ರಪಿಂಡ ಬೈಕಾರ್ಬನೇಟನ್ನು ಮೊದಲಿನ ಮಟ್ಟಕ್ಕೆ ತಂದುಬಿಡುತ್ತದೆಯಾದ್ದರಿಂದ, ಹೋದ ವರ್ಷ ಥೊರಾಂಗ್ ಲಾ ದಾಟಿ ಬಂದವರೂ ಈ ವರ್ಷ ಮನಾಂಗಿನಲ್ಲಿ ಆ ಹೆಚ್ಚಿನ ದಿನವನ್ನು ಕಳೆಯಲೇಬೇಕು.