ಹಾಸಿಗೆ ಗಟ್ಟಿ, ಸೊಂಟ ಗಾಳಿಯಲ್ಲಿ

ಬೆನ್ನುನೋವೆಂದು ಫಿಸಿಯೋಥೆರಪಿಗೆ ಬರುವವರಲ್ಲಿ ಬಹಳಷ್ಟು ಮಂದಿ ನೋವಿನ ವಿಷಯ ಹೇಳಿ ಮುಗಿಸುವ ಮೊದಲೇ ಒಂದು ಮಾತು ಸೇರಿಸುತ್ತಾರೆ: "ಹಾಸಿಗೆ ಮಾತ್ರ ಗಟ್ಟಿಯದೇ ಇದೆ ಡಾಕ್ಟ್ರೇ." ಆ ದನಿಯಲ್ಲಿ ಪಥ್ಯ ತಪ್ಪದೆ ಮಾಡಿದವರ ಸಮಾಧಾನ ಇರುತ್ತದೆ. ನೋವು ಹೆಚ್ಚಾದರೆ ಇನ್ನೂ ಗಟ್ಟಿಯದನ್ನು ತರುತ್ತಾರೆ. ಅದಕ್ಕೂ ಬಗ್ಗದಿದ್ದರೆ ಹಾಸಿಗೆಯನ್ನೇ ಎತ್ತಿಟ್ಟು ಹಲಗೆಯ ಮೇಲೆ, ಬರೀ ನೆಲದ ಮೇಲೆ ಮಲಗುತ್ತಾರೆ. ಬೆಳಿಗ್ಗೆ ನೆಟ್ಟಗಾಗಲು ಗೋಡೆ ಹಿಡಿಯಬೇಕಾಗಿ ಬಂದಾಗಲೂ ಅವರ ಅನುಮಾನ ಒಂದೇ, ಇನ್ನೂ ಸ್ವಲ್ಪ ಗಟ್ಟಿ ಇರಬೇಕಿತ್ತೇನೋ ಎಂದು.

ಈ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ಹಿಂದಿನ ತಂತಿಬಲೆಯ ಮಂಚಗಳು ಕೆಲವೇ ವರ್ಷಗಳಲ್ಲಿ ಜೋಲಿಯಂತೆ ನಡುವೆ ಇಳಿಬೀಳುತ್ತಿದ್ದವು. ಅಂಥ ಮಂಚದವರಿಗೆ 'ಹಾಸಿಗೆಯ ಕೆಳಗೊಂದು ಹಲಗೆ ಹಾಕಿ' ಎಂದು ವೈದ್ಯರು ಹೇಳಿದ್ದು ಸರಿಯಾದ ಸಲಹೆಯೇ. ಬಾಯಿಂದ ಬಾಯಿಗೆ ಹೋಗುತ್ತಾ ಅದು 'ಹಾಸಿಗೆಯೇ ಹಲಗೆಯಂತಿರಲಿ' ಎಂದಾಯಿತು.

ಇದನ್ನು ಪರೀಕ್ಷಿಸಿ ನೋಡಿದವರೂ ಇದ್ದಾರೆ. ಸ್ಪೇನ್‌ನಲ್ಲಿ ಫ್ರಾನ್ಸಿಸ್ಕೊ ಕೊವಾಕ್ಸ್ ಎಂಬ ವೈದ್ಯರು ಮತ್ತು ಸಂಗಡಿಗರು, ಮಲಗಿದಾಗಲೂ ಏಳುವಾಗಲೂ ಸೊಂಟ ನೋಯುತ್ತಿದ್ದ 313 ಮಂದಿಯನ್ನು ಎರಡು ಗುಂಪು ಮಾಡಿ, ಯಾರಿಗೆ ಯಾವುದೆಂದು ತಿಳಿಸದೆ ಒಂದು ಗುಂಪಿಗೆ ಗಟ್ಟಿ ಹಾಸಿಗೆ, ಇನ್ನೊಂದಕ್ಕೆ ಮಧ್ಯಮ ಹಾಸಿಗೆ ಕೊಟ್ಟರು. 1 ಅಂದರೆ ಅತಿ ಗಟ್ಟಿ, 10 ಅಂದರೆ ಅತಿ ಮೆತ್ತಗೆ ಎಂಬ ಅಳತೆಯಲ್ಲಿ ಗಟ್ಟಿಯದು 2.3, ಮಧ್ಯಮದ್ದು 5.6. ತೊಂಬತ್ತು ದಿನಗಳ ಬಳಿಕ ಮಲಗಿದಾಗಿನ ನೋವು, ಏಳುವಾಗಿನ ನೋವು, ದಿನದ ಕೆಲಸಕ್ಕಾಗುವ ಅಡ್ಡಿ, ಈ ಮೂರರಲ್ಲೂ ಮಧ್ಯಮ ಹಾಸಿಗೆಯವರೇ ಮೇಲಾಗಿದ್ದರು. 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಇದು ಬಂದದ್ದು 2003ರಲ್ಲಿ. ಒಂದೇ ಅಧ್ಯಯನವನ್ನು ವೇದವಾಕ್ಯ ಮಾಡಬೇಕಿಲ್ಲ. ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಜಾರಿದವರಿಗೆ, ಕಾಲಿಗೆ ಸೆಳೆತ ಇಳಿಯುವವರಿಗೆ ಇದೇ ಫಲ ಸಿಗುತ್ತದೆಂದು ಅದರಿಂದ ಹೇಳಲೂ ಆಗದು. ಆದರೂ 'ಎಷ್ಟು ಗಟ್ಟಿಯೋ ಅಷ್ಟು ಒಳ್ಳೆಯದು' ಎಂಬ ಮಾತಿಗೆ ಬೆನ್ನೆಲುಬಿಲ್ಲ ಎಂಬುದಕ್ಕೆ ಅಷ್ಟು ಸಾಕು.

ಜನ ಬೆರೆಸಿಕೊಳ್ಳುವುದು ಎರಡು ಬೇರೆ ಸಂಗತಿಗಳನ್ನು: ಗಟ್ಟಿತನ ಮತ್ತು ಆಧಾರ. ಕೈಯಿಂದ ಒತ್ತಿದಾಗ ಮೇಲ್ಮೈ ಎಷ್ಟು ಎದುರು ಒತ್ತುತ್ತದೆ ಎಂಬುದು ಗಟ್ಟಿತನ. ಮಲಗಿದ ಮೈಯ ಪ್ರತಿ ಭಾಗವನ್ನೂ ಅದು ಇರಬೇಕಾದ ಎತ್ತರದಲ್ಲಿ ಹಿಡಿದು ನಿಲ್ಲಿಸುವುದು ಆಧಾರ. ನಮ್ಮ ಮೈ ಹಲಗೆಯಂತೆ ಸಪಾಟಾಗಿಲ್ಲ. ಅಂಗಾತ ಮಲಗಿದರೆ ಭುಜದ ಹಲಗೆಗಳು ಮತ್ತು ಪೃಷ್ಠ ಕೆಳಕ್ಕೆ ಚಾಚಿರುತ್ತವೆ, ಸೊಂಟ ಒಳಬಾಗಿರುತ್ತದೆ. ಜೊತೆಗೆ ಪೃಷ್ಠ ಮತ್ತು ಎದೆಗೂಡಿನ ಭಾಗ ಭಾರ, ನಡುವಿನ ಸೊಂಟ ಹಗುರ. ಹಾಗಾಗಿ ಹಾಸಿಗೆ ಒಂದೇ ಹೊತ್ತಿಗೆ ಎರಡು ಕೆಲಸ ಮಾಡಬೇಕು: ಭಾರದ ಭಾಗ ಸ್ವಲ್ಪ ಇಳಿಯಲು ಬಿಟ್ಟು ಒಂದು ಹಂತದಲ್ಲಿ ತಡೆಯಬೇಕು, ಸೊಂಟದಡಿಯ ಸಂದನ್ನು ತುಂಬಿಕೊಡಬೇಕು. ತೀರಾ ಗಟ್ಟಿ ಹಾಸಿಗೆ ಏನನ್ನೂ ಇಳಿಯಗೊಡುವುದಿಲ್ಲ. ಭುಜ ಮತ್ತು ಪೃಷ್ಠ ಎರಡು ಕಂಬಗಳಾಗಿ, ನಡುವಿನ ಸೊಂಟ ಸೇತುವೆಯಂತೆ ಗಾಳಿಯಲ್ಲಿ ಉಳಿಯುತ್ತದೆ. ಆ ಸೇತುವೆಯನ್ನು ರಾತ್ರಿಯಿಡೀ ಹೊರುವುದು ಸೊಂಟದ ಸ್ನಾಯು ಮತ್ತು ಮೂಳೆಗಳನ್ನು ಬಿಗಿದಿಡುವ ಕಟ್ಟುಗಳು. ತೀರಾ ಮೆತ್ತಗಿನ ಹಾಸಿಗೆಯಲ್ಲಿ ಪೃಷ್ಠ ತಡೆಯಿಲ್ಲದೆ ಇಳಿದು ಮೈ ಜೋಲಿಯಲ್ಲಿ ಮಲಗಿದಂತಾಗುತ್ತದೆ. ಎರಡರಲ್ಲೂ ಬೆಳಿಗ್ಗೆ ಆಗುವ ನೋವು ಒಂದೇ ತರಹದ್ದು. ನೋವು ಬಂದ ಮಾತ್ರಕ್ಕೆ ಹಾಸಿಗೆ ಮೆತ್ತಗಾಗಿದೆ ಎಂದು ತೀರ್ಮಾನಿಸುವುದು ಹಾಗಾಗಿಯೇ ಅಪಾಯ.

ಮಗ್ಗುಲಾಗಿ ಮಲಗುವವರಿಗೆ ಗಟ್ಟಿ ಹಾಸಿಗೆ ಇನ್ನೂ ಹೆಚ್ಚು ಕಾಡುತ್ತದೆ. ಭುಜ ಮತ್ತು ಸೊಂಟದ ಪಕ್ಕದ ಮೂಳೆ ಒಳಗಿಳಿಯಲು ಜಾಗ ಸಿಗದೆ, ನಡು ಕೆಳಕ್ಕೆ ಜೋತು ಬೆನ್ನುಮೂಳೆ ಬಿಲ್ಲಾಗುತ್ತದೆ. ಕೈ ಜುಮ್ಮೆನ್ನುತ್ತದೆ, ಪಕ್ಕದ ಮೂಳೆ ಒತ್ತಿ ನೋಯುತ್ತದೆ, ಪದೇ ಪದೇ ಹೊರಳಬೇಕಾಗುತ್ತದೆ. ಇಂಥವರ ಭುಜದ ನೋವಿಗೆ ತಿಂಗಳುಗಟ್ಟಲೆ ಚಿಕಿತ್ಸೆ ನಡೆದು, ಹಾಸಿಗೆಯ ಮೇಲೊಂದು ಎರಡಿಂಚಿನ ಮೆತ್ತನೆಯ ಟಾಪರ್ ಹಾಸಿದ ಮೇಲೆ ನೋವು ಇಳಿದದ್ದುಂಟು.

ಇನ್ನೊಂದು ವಿಷಯ ಎಷ್ಟು ಸಲ ಹೇಳಿದರೂ ಮರೆತುಹೋಗುತ್ತದೆ: ಹಾಸಿಗೆ ಗಟ್ಟಿಯೋ ಮೆತ್ತಗೋ ಎಂಬುದನ್ನು ಮಲಗುವವರ ತೂಕ ತೀರ್ಮಾನಿಸುತ್ತದೆ. 90 ಕಿಲೋ ಇರುವವರಿಗೆ ಸರಿಯಾಗಿ ಒಗ್ಗಿದ ಹಾಸಿಗೆ 50 ಕಿಲೋ ಇರುವವರಿಗೆ ಕಲ್ಲಿನಂತಿರುತ್ತದೆ. 'ನಮ್ಮಣ್ಣನಿಗೆ ಇದರಿಂದಲೇ ವಾಸಿಯಾಯಿತು' ಎಂದು ಅದೇ ಹಾಸಿಗೆ ತರುವ ಮೊದಲು ಅಣ್ಣನ ತೂಕ ಎಷ್ಟು, ಅವರು ಮಲಗುವ ಭಂಗಿ ಯಾವುದು ಎಂದು ಕೇಳಿ. ದಂಪತಿಗಳ ತೂಕದಲ್ಲಿ ಇಪ್ಪತ್ತು ಕಿಲೋಗಿಂತ ಹೆಚ್ಚು ಅಂತರವಿದ್ದರೆ ಒಂದೇ ದೊಡ್ಡ ಹಾಸಿಗೆಗಿಂತ, ಒಂದೇ ಎತ್ತರದ ಎರಡು ಸಿಂಗಲ್ ಹಾಸಿಗೆಗಳನ್ನು ಜೋಡಿಸುವುದು ಮೇಲು.

ಪರೀಕ್ಷೆ ಹೀಗೆ ಮಾಡಿ. ಅಂಗಾತ ಮಲಗಿ, ಐದು ನಿಮಿಷ ಮೈ ಸಡಿಲಬಿಟ್ಟು, ಅಂಗೈಯನ್ನು ಚಪ್ಪಟೆಯಾಗಿಟ್ಟು ಸೊಂಟದಡಿ ತೂರಿಸಿ. ಕೈ ತಡೆಯೇ ಇಲ್ಲದೆ ಆಚೆ ಹೋಗಿ ಮೇಲೆ ಇನ್ನೂ ಸಂದು ಉಳಿದರೆ ಹಾಸಿಗೆ ನಿಮಗೆ ಗಟ್ಟಿ. ಕೈ ತೂರುವುದೇ ಕಷ್ಟವಾದರೆ ಪೃಷ್ಠ ಹೂತಿದೆ. ಒಂದಿಷ್ಟು ತಡೆಯೊಂದಿಗೆ ಜಾರಿದರೆ ಹತ್ತಿರ ಬಂದಿದ್ದೀರಿ. ಪೃಷ್ಠ ದಪ್ಪ ಇರುವವರಲ್ಲಿ, ಸೊಂಟದ ಬಾಗು ಸಹಜವಾಗಿಯೇ ಹೆಚ್ಚಿರುವವರಲ್ಲಿ ಇದು ದಾರಿ ತಪ್ಪಿಸುತ್ತದೆ. ಅವರಿಗೆ ಎರಡನೆಯ ಪರೀಕ್ಷೆಯೇ ನಂಬಿಗಸ್ತ: ಮೈಗಂಟುವ ಬಟ್ಟೆ ತೊಟ್ಟು, ತಲೆಗೆ ದಿನದ ದಿಂಬನ್ನೇ ಇಟ್ಟು ಮಗ್ಗುಲಾಗಿ ಮಲಗಿ. ಹಿಂದೆ ನಿಂತವರೊಬ್ಬರು ಹಾಸಿಗೆಯ ಮಟ್ಟಕ್ಕೆ ಕ್ಯಾಮೆರಾ ಹಿಡಿದು ಫೋಟೋ ತೆಗೆಯಲಿ. ಕುತ್ತಿಗೆಯ ಬುಡದಿಂದ ಬೆನ್ನಿನ ಕೊನೆಯವರೆಗೆ ಗೆರೆ ನೇರವಾಗಿ, ಹಾಸಿಗೆಗೆ ಸಮಾನಾಂತರವಾಗಿ ಇರಬೇಕು. ಕೊನೆಗೆ ಮಗ್ಗುಲು ಬದಲಿಸಿ ನೋಡಿ. ಹೊರಳಲು ಕೈಯೂರಿ ಮೈ ಎಳೆಯಬೇಕಾದರೆ ಆ ಹಾಸಿಗೆ ಬೇಡ, ಏಕೆಂದರೆ ಆ ಎಳೆತವನ್ನು ನೋಯುವ ಬೆನ್ನು ರಾತ್ರಿ ಹತ್ತಾರು ಸಲ ಮಾಡಬೇಕು.

ಅಂಗಡಿಯಲ್ಲಿ ಅಂಚಿಗೆ ಕೂತು ಎರಡು ಸಲ ಕುಪ್ಪಳಿಸಿ ಹಾಸಿಗೆ ಆರಿಸುವವರನ್ನು ಕಂಡರೆ ಸಂಕಟವಾಗುತ್ತದೆ. ಕೂತಾಗ ಸೊಂಟದ ಮೇಲಿನ ಇಡೀ ಮೈಯ ಭಾರ ಒಂದೇ ಕಡೆ ಬೀಳುತ್ತದೆ. ಮಲಗಿದಾಗಿನ ಸ್ಥಿತಿಗೂ ಅದಕ್ಕೂ ಸಂಬಂಧವಿಲ್ಲ. ನೀವು ನಿಜವಾಗಿ ನಿದ್ದೆ ಮಾಡುವ ಭಂಗಿಯಲ್ಲಿ ಕನಿಷ್ಠ ಹದಿನೈದು ನಿಮಿಷ ಮಲಗಿ, ಸಂಕೋಚಪಡಬೇಡಿ. ಮೆಮೊರಿ ಫೋಮ್ ಆದರಂತೂ ಇದು ಕಡ್ಡಾಯ. 1960ರ ದಶಕದಲ್ಲಿ ನಾಸಾಗಾಗಿ ವಿಮಾನದ ಆಸನಗಳಿಗೆಂದು ರೂಪುಗೊಂಡ ಈ ಫೋಮ್ ಮೈಬಿಸಿಗೆ ಮೆತ್ತಗಾಗುತ್ತದೆ, ಚಳಿಗೆ ಗಟ್ಟಿಯಾಗುತ್ತದೆ. ಎರಡು ನಿಮಿಷದಲ್ಲಿ ನಿಮಗೆ ಸಿಗುವುದು ತಣ್ಣಗಿನ ಫೋಮಿನ ಅನುಭವ, ನಡುರಾತ್ರಿಯದಲ್ಲ.

ಇನ್ನು ಹಾಸಿಗೆಗೆ ಅಂಟಿಸಿದ ಚೀಟಿಯ ಮೇಲಿನ ಡೆನ್ಸಿಟಿ ಅಂಕಿ. ಡೆನ್ಸಿಟಿ ಜಾಸ್ತಿ ಅಂದರೆ ಗಟ್ಟಿ ಎಂದೇ ಎಲ್ಲರೂ ತಿಳಿದಿದ್ದಾರೆ. ಡೆನ್ಸಿಟಿ ಎಂಬುದು ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಎಂಬುದು, ಅಷ್ಟೇ. ಗಟ್ಟಿತನ ಅಳೆಯುವ ವಿಧಾನವೇ ಬೇರೆ. ದುಂಡು ತಟ್ಟೆಯಿಂದ ಒತ್ತಿ, ಫೋಮ್ ತನ್ನ ದಪ್ಪದ ಕಾಲು ಭಾಗ ತಗ್ಗಲು ಎಷ್ಟು ಬಲ ಬೇಕೆಂದು ನೋಡುತ್ತಾರೆ. ಡೆನ್ಸಿಟಿ ಹೆಚ್ಚಿದ್ದೂ ಮೆತ್ತಗಿರಬಹುದು, ಕಡಿಮೆಯಿದ್ದೂ ಗಟ್ಟಿಯಿರಬಹುದು. ಮೋಸವಾಗುವುದು ಎರಡನೆಯದರಲ್ಲಿ. ಹಗುರ ಫೋಮನ್ನು ಗಟ್ಟಿಯಾಗಿ ತಯಾರಿಸಿದರೆ ಕೊಳ್ಳುವ ದಿನ ಕಲ್ಲಿನಂತಿದ್ದು, ಒಳಗಿನ ಗೂಡುಗಳು ಬೇಗ ಮುರಿದು, ಒಂದೆರಡು ವರ್ಷದಲ್ಲಿ ಪೃಷ್ಠದ ಜಾಗದಲ್ಲಿ ಮಾತ್ರ ಕುಸಿಯುತ್ತದೆ. ಗಟ್ಟಿ ಎಂದೇ ಕೊಂಡ ಹಾಸಿಗೆ ಗುಂಡಿಯಾಗುವುದು ಹೀಗೆ. ಭಾರ ಹೊರುವ ಕೆಳಪದರಕ್ಕೆ 32ಕ್ಕೆ ಕಡಿಮೆಯದು ಬೇಡ, 80 ಕಿಲೋ ಮೀರಿದವರಿಗೆ 40 ಇದ್ದರೆ ಒಳ್ಳೆಯದು. ಮೆಮೊರಿ ಫೋಮ್ ಪದರವಾದರೆ 50 ಅಥವಾ ಮೇಲೆ.

ಈ ಅಂಕಿಯನ್ನು ತಕ್ಕಡಿಯಲ್ಲೇ ಪರೀಕ್ಷಿಸಬಹುದು. 2 ಮೀಟರ್ ಉದ್ದ, 1.5 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪದ ಫೋಮ್ ಅಂದರೆ 0.45 ಘನ ಮೀಟರ್. 32 ಡೆನ್ಸಿಟಿಯದಾದರೆ 14.4 ಕಿಲೋ, 40ರದಾದರೆ 18 ಕಿಲೋ ತೂಗಬೇಕು. ಅದರ ಮೇಲೆ 5 ಸೆಂಟಿಮೀಟರ್ ದಪ್ಪದ, 50 ಡೆನ್ಸಿಟಿಯ ಮೆಮೊರಿ ಫೋಮ್ ಇದ್ದರೆ ಇನ್ನೊಂದು ಏಳೂವರೆ ಕಿಲೋ. ಕವರಿನ ತೂಕ ಬೇರೆ. ಹಾಸಿಗೆ ಅದಕ್ಕಿಂತ ಹಗುರವಾಗಿದ್ದರೆ ಚೀಟಿ ಸುಳ್ಳು. ತೂಕ ಸರಿಯಾಗಿದ್ದರೆ ಚೀಟಿ ನಿಜವೇ ಆಗಬೇಕೆಂದಿಲ್ಲ, ಸುಣ್ಣಕಲ್ಲಿನ ಪುಡಿಯಂಥ ಫಿಲ್ಲರ್ ಬೆರೆಸಿ ತೂಕ ಏರಿಸುವುದೂ ಉಂಟು. 'ಆರ್ಥೋಪೆಡಿಕ್' ಎಂಬ ಪದವನ್ನು ಮಾತ್ರ ಲೆಕ್ಕಕ್ಕೇ ಹಿಡಿಯಬೇಡಿ. ಸಾಮಾನ್ಯವಾಗಿ ಅದರರ್ಥ 'ಗಟ್ಟಿ' ಎಂದಷ್ಟೇ.

ಸ್ಪ್ರಿಂಗ್ ಹಾಸಿಗೆಗಳಲ್ಲಿ ಬಾನೆಲ್ ಮಾದರಿಯವು ಒಂದಕ್ಕೊಂದು ಹೆಣೆದಿರುತ್ತವೆ; ಪೃಷ್ಠ ಇಳಿದಾಗ ಸೊಂಟದ ಕೆಳಗಿನ ಸ್ಪ್ರಿಂಗ್ ಕೂಡ ಜೊತೆಗೇ ತಗ್ಗುತ್ತದೆ. ಪಾಕೆಟ್ ಸ್ಪ್ರಿಂಗ್‌ಗಳು ಒಂದೊಂದೂ ತನ್ನ ಬಟ್ಟೆಚೀಲದಲ್ಲಿ ಬಿಡಿಬಿಡಿ. ಬೆನ್ನುನೋವಿನವರಿಗೆ ಇದು ವಾಸಿ. ಮೈಯ ಒಂದೊಂದು ಭಾಗದ ಕೆಳಗೆ ಒಂದೊಂದು ಗಟ್ಟಿತನ ಇಟ್ಟು 'ಐದು ವಲಯ, ಏಳು ವಲಯ' ಎಂದು ಮಾರುವವುಗಳಲ್ಲಿ ಪೃಷ್ಠದ ವಲಯ ಸಾಧಾರಣ ಎತ್ತರದವರಿಗೆ ಹೊಂದುವಂತೆ ಇರುತ್ತದೆ. ತುಂಬ ಕುಳ್ಳಗೆ ಅಥವಾ ತುಂಬ ಎತ್ತರ ಇರುವವರ ಪೃಷ್ಠ ಬೇರೆ ವಲಯಕ್ಕೇ ಬೀಳಬಹುದು. ಲೇಟೆಕ್ಸ್ (ರಬ್ಬರ್ ಫೋಮ್) ಹಾಸಿಗೆಯಲ್ಲಿ ಹೊರಳುವುದು ಸುಲಭ, ಆದರೆ ಹಾಸಿಗೆ ತುಂಬ ಭಾರ. ರಬ್ಬರ್ ಹಾಕಿದ ತೆಂಗಿನ ನಾರಿನ ಹಾಸಿಗೆ, ಮೇಲೆ ಬೇರೇನೂ ಇಲ್ಲದಿದ್ದರೆ, ಬಹುತೇಕರಿಗೆ ಗಟ್ಟಿ. ಮೇಲೆ ಎರಡು ಮೂರು ಇಂಚು ಫೋಮ್ ಅಥವಾ ಲೇಟೆಕ್ಸ್ ಪದರ ಇರಲಿ.

ಕೊಳ್ಳುವ ಮೊದಲು ಮಂಚವನ್ನು ನೋಡಿ. ಹಳೆಯ ಹಾಸಿಗೆಯನ್ನು ನಾಲ್ಕು ರಾತ್ರಿ ನೆಲದ ಮೇಲೆ ಹಾಸಿ ಮಲಗಿ. ನೋವು ಇಳಿದರೆ ಕುಸಿದಿರುವುದು ಮಂಚ. ಒಂದು ಪ್ಲೈವುಡ್ ಹಾಕಿಸಿದರೆ ಹೊಸ ಹಾಸಿಗೆಯ ಖರ್ಚೇ ಇಲ್ಲ. ಪಟ್ಟಿಗಳ ಮಂಚವಾದರೆ ಪಟ್ಟಿಗಳ ನಡುವೆ ಮೂರಿಂಚಿಗಿಂತ ಹೆಚ್ಚು ಸಂದು ಇರಬಾರದು. ನೆಲದಲ್ಲೂ ನೋವು ಹಾಗೇ ಇದ್ದರೆ, ಹೊದಿಕೆ ತೆಗೆದು ಅಂಚಿನಿಂದ ಅಂಚಿಗೆ ದಾರ ಬಿಗಿಹಿಡಿದು ನಡುವಿನ ಗುಂಡಿ ಅಳೆಯಿರಿ. ಒಂದೂವರೆ ಇಂಚು ಮೀರಿದರೆ ಆ ಹಾಸಿಗೆ ಮುಗಿಯಿತು. ಅದರ ಮೇಲೆ ಟಾಪರ್ ಹಾಸಿದರೆ ಟಾಪರೂ ಗುಂಡಿಗೇ ಇಳಿಯುತ್ತದೆ, ಕೆಳಗೆ ಹಲಗೆ ಇಟ್ಟರೂ ಒಳಗಿನ ಕುಸಿತ ತುಂಬುವುದಿಲ್ಲ. ಗುಂಡಿಯಿಲ್ಲದೆ ಬರೀ ಗಟ್ಟಿ ಅನಿಸುವ ಹಾಸಿಗೆಗೆ ಮಾತ್ರ ಟಾಪರ್ ಉಪಾಯ.

ಎಲ್ಲಕ್ಕೂ ಮೊದಲು, ತಪ್ಪು ಹಾಸಿಗೆಯದೇ ಎಂದು ಖಚಿತಪಡಿಸಿಕೊಳ್ಳಿ. ಹತ್ತು ದಿನ ಮೂರು ಹೊತ್ತು ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಬರೆದಿಡಿ: ಮಲಗುವಾಗ, ಎದ್ದ ಕೂಡಲೇ, ಎದ್ದು ಒಂದು ಗಂಟೆಯ ಮೇಲೆ. ಮಲಗುವಾಗ 3, ಎದ್ದಾಗ 6, ಗಂಟೆಯ ಮೇಲೆ 2 ಎಂಬಂತಿದ್ದರೆ ಹಾಸಿಗೆಯನ್ನು ಅನುಮಾನಿಸಬಹುದು. ಮಲಗುವಾಗ 7 ಇದ್ದು ಎದ್ದಾಗ 3 ಆಗಿದ್ದರೆ ಹಾಸಿಗೆ ತನ್ನ ಕೆಲಸ ಮಾಡುತ್ತಿದೆ. ಹಗಲಿನಲ್ಲಿ ಕೂರುವುದು, ಬಗ್ಗುವುದು, ಎತ್ತುವುದನ್ನು ನೋಡಬೇಕು. ನಲವತ್ತೈದರೊಳಗಿನವರಿಗೆ ಬೆಳಗಿನ ಬಿಗಿತ ಅರ್ಧ ಗಂಟೆ ಮೀರಿ ಉಳಿಯುತ್ತಿದ್ದರೆ, ನಸುಕಿನಲ್ಲಿ ನೋವೇ ಎಬ್ಬಿಸುತ್ತಿದ್ದರೆ, ವಿಶ್ರಾಂತಿಗೆ ಹೆಚ್ಚಾಗಿ ಓಡಾಟಕ್ಕೆ ಕಡಿಮೆಯಾಗುತ್ತಿದ್ದರೆ ಅದು ಕೀಲುಗಳ ಉರಿಯೂತದ ಕಾಯಿಲೆ ಇರಬಹುದು. ಯಾವ ಹಾಸಿಗೆಯೂ ಅದನ್ನು ವಾಸಿ ಮಾಡದು, ವೈದ್ಯರನ್ನು ಕಾಣಿರಿ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದುದು, ಬಿದ್ದ ಮೇಲೆ ಶುರುವಾದ ನೋವು ಇದ್ದರೂ ಹಾಗೆಯೇ. ತೊಡೆಸಂದು ಮತ್ತು ಮಲದ್ವಾರದ ಸುತ್ತ ಮರಗಟ್ಟಿದರೆ, ಮೂತ್ರ ಕಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಎರಡೂ ಕಾಲು ಸೋತರೆ ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಬೇಕು.

ನೆಲದ ಮೇಲೆ ಮಲಗಿ ಆರಾಮಾಗಿರುವವರ ಅಭ್ಯಾಸ ಬಿಡಿಸುವ ಹಟ ನನಗಿಲ್ಲ. ಆದರೆ ಮನೆಯ ಹಿರಿಯರನ್ನು, ಮೈಯಲ್ಲಿ ಮಾಂಸ ಕರಗಿದವರನ್ನು, ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಮಂದವಾದವರನ್ನು ಬೆನ್ನಿಗೆ ಒಳ್ಳೆಯದೆಂದು ಹಲಗೆಯ ಮೇಲೆ ಮಲಗಿಸಬೇಡಿ. ಮೂಳೆ ಒತ್ತುವಲ್ಲಿ ಹುಣ್ಣಾಗುತ್ತದೆ, ನೆಲದಿಂದ ಏಳುವಾಗ ಬೀಳುತ್ತಾರೆ. ಹಾಸಿಗೆಯ ಅಂಚಿಗೆ ಕೂತಾಗ ಪಾದ ಪೂರ್ತಿ ನೆಲಕ್ಕೂರಿ, ಮಂಡಿ ಸೊಂಟಕ್ಕಿಂತ ತುಸು ಕೆಳಗಿರುವಷ್ಟು ಎತ್ತರ ಅವರಿಗೆ ಬೇಕು.

ಹೊಸ ಹಾಸಿಗೆಗೆ ಮೈ ಒಗ್ಗಲು ಎರಡರಿಂದ ನಾಲ್ಕು ವಾರ ಕೊಡಿ. ಅಷ್ಟು ದಿನ ಬಳಸಿ ಹಿಂತಿರುಗಿಸಲು ಅವಕಾಶವಿದೆಯೇ ಎಂದು ಮೊದಲೇ ಕೇಳಿಕೊಳ್ಳಿ. ದಿಂಬನ್ನೂ ಅದೇ ದಿನ ಮತ್ತೆ ನೋಡಬೇಕು. ಗಟ್ಟಿ ಹಾಸಿಗೆಯಿಂದ ಮಧ್ಯಮಕ್ಕೆ ಬಂದಾಗ ಭುಜ ಒಳಗಿಳಿಯುವುದರಿಂದ ಹಳೆಯ ದಿಂಬು ಎತ್ತರವಾಗಿ ಕುತ್ತಿಗೆ ಹಿಡಿಯುತ್ತದೆ, ಜನ ಅದಕ್ಕೂ ಹಾಸಿಗೆಯನ್ನೇ ದೂರುತ್ತಾರೆ. ಮಗ್ಗುಲಾಗಿ ಮಲಗುವವರು ಮಂಡಿಗಳ ನಡುವೆ ಒಂದು ದಿಂಬು, ಅಂಗಾತ ಮಲಗುವವರು ಮಂಡಿಯಡಿ ಒಂದು ದಿಂಬು ಇಟ್ಟುಕೊಳ್ಳಲಿ. ಬೋರಲಾಗದೆ ನಿದ್ದೆಯೇ ಬಾರದವರು ಹೊಟ್ಟೆಯಡಿ ತೆಳ್ಳನೆಯದೊಂದು ಇಡಲಿ. ರಾತ್ರಿಯಿಡೀ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುವುದರಿಂದ ಬೆಳಿಗ್ಗೆ ಬಗ್ಗಿದರೆ ಅವುಗಳ ಮೇಲೆ ಬೀಳುವ ಒತ್ತಡ ಹಗಲಿಗಿಂತ ಹೆಚ್ಚು. ಆದ್ದರಿಂದ ಏಳುವಾಗ ಮೊದಲು ಮಗ್ಗುಲಾಗಿ, ಕಾಲು ಇಳಿಬಿಟ್ಟು, ಕೈಯೂರಿ ಎದ್ದು ಕೂರಿ. ಹಾಸಿಗೆ ಮಡಿಸುವುದು, ಬಕೆಟ್ ಎತ್ತುವುದು ಒಂದು ಗಂಟೆ ತಡೆಯಲಿ.