ಖಾಲಿ ಪ್ಯಾಕೆಟ್‌ಗೆ ಹೊಣೆ ಯಾರು? ಕೊಡಗಿನ ಪ್ಲಾಸ್ಟಿಕ್ ಕಸದ ಹಿಂದಿನ ಕತೆ

ಕೊಡಗಿನಲ್ಲಿ ಪ್ಲಾಸ್ಟಿಕ್ ಕಸದ ಮಾತು ಬಂದರೆ ಮೊದಲು ಬೈಸಿಕೊಳ್ಳುವವರು ಪ್ರವಾಸಿಗರು, ಆಮೇಲೆ ಪಂಚಾಯಿತಿಯವರು. ಪ್ಯಾಕೆಟ್ ಮಾಡಿ ಮಾರಿದವರ ವಿಷಯ ಅಷ್ಟಾಗಿ ಬರುವುದೇ ಇಲ್ಲ. ಕಾನೂನು ಮಾತ್ರ ಮೊದಲು ಅವರತ್ತಲೇ ಬೆರಳು ತೋರಿಸುತ್ತದೆ.

ಸರಕು ಮಾಡಿ ಮಾರಿದವರೇ ಅದರ ಕಸಕ್ಕೂ ಹೊಣೆ ಅನ್ನುವ ಈ ಯೋಚನೆಗೆ 1990ರ ಸುಮಾರಿಗೆ ರೂಪ ಕೊಟ್ಟವರು ಸ್ವೀಡನ್ನಿನ ಸಂಶೋಧಕ ಥಾಮಸ್ ಲಿಂಡ್‌ಕ್ವಿಸ್ಟ್. ಮರುವರ್ಷವೇ ಜರ್ಮನಿ ಪ್ಯಾಕಿಂಗ್ ಕಸಕ್ಕೆ ಕಾನೂನು ತಂದಿತು. ನಮ್ಮಲ್ಲಿ 1999ರಿಂದ ಬಹುಕಾಲ ಚರ್ಚೆಯೆಲ್ಲ ಕ್ಯಾರಿಬ್ಯಾಗ್ ಎಷ್ಟು ಮೈಕ್ರಾನ್ ದಪ್ಪ ಇರಬೇಕು ಅನ್ನುವುದರ ಸುತ್ತಲೇ ನಡೆಯಿತು. 2011ರಲ್ಲಿ ತಯಾರಕರ ಹೊಣೆಯ ಪ್ರಸ್ತಾಪ ನಿಯಮದೊಳಗೆ ಬಂತು.

ನಿಜವಾದ ತಿರುವು 2016ರ ಮಾರ್ಚ್. ಆ ತಿಂಗಳು ಕರ್ನಾಟಕ ಸರ್ಕಾರ ಕ್ಯಾರಿಬ್ಯಾಗ್, ಪ್ಲಾಸ್ಟಿಕ್ ತಟ್ಟೆ ಲೋಟ ನಿಷೇಧಿಸಿತು. ಅದೇ ತಿಂಗಳು ಬಂದ ಕೇಂದ್ರದ ನಿಯಮ, ಮಾರಿದವರೇ ಕಸ ವಾಪಸ್ ತೆಗೆದುಕೊಳ್ಳುವ ವ್ಯವಸ್ಥೆ ಮಾಡಬೇಕು ಎಂದಿತು. ಮರುಬಳಕೆಗೆ ಬಾರದ, ಚಿಪ್ಸ್ ಪ್ಯಾಕೆಟ್ಟಿನಂಥ ಬಹುಪದರದ ಪ್ಯಾಕೆಟ್ ಎರಡು ವರ್ಷದೊಳಗೆ ನಿಲ್ಲಬೇಕು ಎಂದೂ ಇತ್ತು. ಎರಡು ವರ್ಷ ಕಳೆಯಿತು, ಪ್ಯಾಕೆಟ್ ನಿಲ್ಲಲಿಲ್ಲ, ನಿಯಮವೇ ಸಡಿಲವಾಯಿತು. ಸುಟ್ಟು ಶಕ್ತಿ ಪಡೆಯಬಹುದಾದರೆ ಅಥವಾ ಬೇರೆ ಉಪಯೋಗವಿದ್ದರೆ ಸಾಕು ಎಂದಾಯಿತು.

ಕೊಡಗಿಗೆ ಪೆಟ್ಟು ಬಿದ್ದಿದ್ದು ಇಲ್ಲೇ. ನೀರಿನ ಬಾಟಲಿಗೆ ಗುಜರಿಯಲ್ಲಿ ರೇಟಿದೆ, ಯಾರಾದರೂ ಹೆಕ್ಕುತ್ತಾರೆ. ಚಿಪ್ಸ್ ಪ್ಯಾಕೆಟ್ಟನ್ನು ಯಾರೂ ಮುಟ್ಟುವುದಿಲ್ಲ. ಪ್ಲಾಸ್ಟಿಕ್ಕಿಗೆ ಬೆಳ್ಳಿಬಣ್ಣದ ಲೋಹದ ಪದರ ಅಂಟಿಕೊಂಡಿರುತ್ತದೆ, ಬಿಡಿಸಲು ಆಗದು. ತೂಕವೂ ಇಲ್ಲ. ಒಂದು ಕಿಲೋ ಆಗಲು ನೂರಾರು ಪ್ಯಾಕೆಟ್ ಬೇಕು. ಪ್ರವಾಸಿಗರು ಹೋಗುವ ಮಾಂದಲ್‌ಪಟ್ಟಿ ಗುಡ್ಡದಲ್ಲಿ ಗಾಳಿಗೆ ಹಾರುವುದು ಇದೇ. ಎಸ್ಟೇಟ್ ಕಾರ್ಮಿಕರ ಲೈನ್‌ಮನೆಗಳ ಹತ್ತಿರದ ಅಂಗಡಿಯಲ್ಲಿ ಮಾಲೆಯಾಗಿ ತೂಗುವ ಶಾಂಪೂ ಸ್ಯಾಶೆಯೂ ಇದೇ ಜಾತಿ. ಮಳೆ ಹಿಡಿದರೆ ತೋಟದಿಂದ ತೋಡಿಗೆ, ತೋಡಿನಿಂದ ಕಾವೇರಿಗೆ. ಪ್ರವಾಸಿಗರದ್ದು ತಪ್ಪಿಲ್ಲ ಅಂತಲ್ಲ. ಆದರೆ ಲೈನ್‌ಮನೆಯಲ್ಲಿ ಯಾವ ಪ್ರವಾಸಿ ಇರುತ್ತಾನೆ, ಹೇಳಿ?

2022ರ ಫೆಬ್ರವರಿಯಲ್ಲಿ ಪ್ರಮಾಣಪತ್ರದ ಪದ್ಧತಿ ಬಂತು. ಕಂಪನಿ ತಾನೇ ಕಸ ಎತ್ತಬೇಕಿಲ್ಲ. ಕಸ ಸಂಸ್ಕರಿಸಿದವರಿಂದ ತನ್ನ ಪಾಲಿನಷ್ಟು ಟನ್ನಿನ ಪ್ರಮಾಣಪತ್ರ ಕೊಂಡರೂ ಲೆಕ್ಕ ಚುಕ್ತಾ. ಇದರಲ್ಲಿ ಒಂದು ಸಣ್ಣ ಎಡವಟ್ಟಿದೆ. ಮಡಿಕೇರಿಯಲ್ಲಿ ಮಾರಿದ ಪ್ಯಾಕೆಟ್‌ನ ಲೆಕ್ಕವನ್ನು ಬೇರೆ ರಾಜ್ಯದ ಕಸದಲ್ಲಿ ತೀರಿಸಬಹುದು. ದೊಡ್ಡ ಊರಲ್ಲಿ ರಾಶಿ ಕಸ ಒಂದೇ ಕಡೆ ಸಿಗುವಾಗ, ಗುಡ್ಡ ಹತ್ತಿ ಬಿಡಿಬಿಡಿಯಾಗಿ ಬಿದ್ದದ್ದನ್ನು ಹುಡುಕಲು ಯಾರಿಗೆ ಪುರುಸೊತ್ತು? 2023ರಲ್ಲಿ ಲಕ್ಷಗಟ್ಟಲೆ ನಕಲಿ ಪ್ರಮಾಣಪತ್ರಗಳೂ ಸಿಕ್ಕಿಬಿದ್ದವು.

ಇಲ್ಲಿಯ ಪ್ಯಾಕೆಟ್ಟಿಗೆ ಈಗಿರುವ ದಾರಿ ಸಿಮೆಂಟ್ ಕಾರ್ಖಾನೆಯ ಸುಡುವ ಗೂಡು, ಅಲ್ಲಿ ಅದು ಉರುವಲಾಗುತ್ತದೆ. ರಾಜ್ಯದ ದೊಡ್ಡ ಸಿಮೆಂಟ್ ಕಾರ್ಖಾನೆಗಳು ಹೆಚ್ಚಾಗಿರುವುದು ಕಲಬುರಗಿ ಕಡೆ. ಪಂಚಾಯಿತಿ ಅದನ್ನು ವಿಂಗಡಿಸಿ ಮೂಟೆ ಕಟ್ಟಿದ ಮೇಲೂ ರಾಜ್ಯದ ಇನ್ನೊಂದು ತುದಿವರೆಗಿನ ಲಾರಿ ಬಾಡಿಗೆ ಯಾರು ಕೊಡಬೇಕು ಅನ್ನುವ ಪ್ರಶ್ನೆ ಉಳಿಯುತ್ತದೆ.