ಮೂರು ರೂಪಾಯಿ ಚಿಲ್ಲರೆಯ ಹಿಂದಿನ ಕಥೆ

ಮೊನ್ನೆ ದಾವಣಗೆರೆಯ ಒಂದು ಸೂಪರ್‌ಮಾರ್ಕೆಟ್‌ನಲ್ಲಿ ಬಿಲ್ 497 ರೂಪಾಯಿ ಆಯಿತು. "ಐನೂರು ಮಾಡ್ಲಾ ಸರ್? ಮೂರು ರೂಪಾಯಿ ಹಸಿದ ಮಕ್ಕಳ ಊಟಕ್ಕೆ ಹೋಗುತ್ತೆ" ಅಂದಳು ಕೌಂಟರಿನ ಹುಡುಗಿ. ಹಿಂದೆ ಕ್ಯೂ ಬೆಳೆದಿತ್ತು, ಹೂಂ ಅಂದೆ. ಈಗ ಊಟ ತರಿಸುವ ಆ್ಯಪ್‌ನಲ್ಲೂ ಇದೇ, ಕೆಲವು ಪೊಟ್ಟಣಗಳ ಮೇಲೂ ಇದೇ. ನಾವು ಕೊಂಡರೆ ಎಲ್ಲೋ ಒಬ್ಬರ ಹೊಟ್ಟೆ ತುಂಬುತ್ತದಂತೆ. ಆ ದುಡ್ಡು ಯಾರ ಕೈಗೆ ಹೋಗುತ್ತದೆ ಅಂತ ಕೇಳಿದರೆ ಮಾತ್ರ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಇದೆಲ್ಲ ಅಮೆರಿಕದಿಂದ ಬಂದ ಐಡಿಯಾ ಅನ್ನುವವರು ಜಾಸ್ತಿ. ಪೂರ್ತಿ ನಿಜ ಅಲ್ಲ.

ಈ ಸೀಮೆಗೆ ಹಸಿವು ಹೊಸದಲ್ಲ. 1876–78ರ ಧಾತು ಈಶ್ವರ ಬರ ಮುಗಿಯುವಷ್ಟರಲ್ಲಿ, 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ 42 ಲಕ್ಷಕ್ಕೆ ಇಳಿದಿತ್ತು. ಆಮೇಲೆ 1907ಕ್ಕೆ ಹಿರಿಯೂರಿನ ಹತ್ತಿರ ಮಾರಿಕಣಿವೆ ಕಟ್ಟೆ ಮುಗಿಯಿತು, ಭದ್ರಾ ನಾಲೆ ಬಂತು, ಭತ್ತ ಬಂತು, ರೇಷನ್ ಬಂತು. ಇದರ ನಡುವೆ ಮನೆಗಳಲ್ಲಿ ಮುಷ್ಟಿ ಅಕ್ಕಿ ಅಂತ ಒಂದು ರೂಢಿ ಇತ್ತು. ಅನ್ನಕ್ಕೆ ಎಸರಿಡುವ ಮೊದಲು ಒಂದು ಹಿಡಿ ಅಕ್ಕಿ ಬೇರೆ ಡಬ್ಬಿಗೆ ಹಾಕುವುದು. ತಿಂಗಳಿಗೊಮ್ಮೆ ಮಠದಿಂದಲೋ ವಿದ್ಯಾರ್ಥಿ ನಿಲಯದಿಂದಲೋ ಯಾರಾದರೂ ಬಂದು ಒಯ್ಯುತ್ತಿದ್ದರು.

ಪೇಟೆಯಲ್ಲಿ ಇದ್ದದ್ದು ಧರ್ಮಾದಾಯ. ನಮ್ಮ ದೊಡ್ಡಪ್ಪ ಮಂಡಿಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ರಜೆಯಲ್ಲಿ ಅವರ ಪಕ್ಕ ಕೂತು ನೋಡಿದ್ದೇನೆ. ರೈತ ಮಾಲು ಇಳಿಸಿದ ಮೇಲೆ ಪಟ್ಟಿ ಬರೆಯುತ್ತಿದ್ದರು: ದಲಾಲಿ, ಹಮಾಲಿ, ತೂಕದ ಕೂಲಿ, ಕೊನೆಗೆ "ಧರ್ಮ" ಅಂತ ಚೀಲಕ್ಕೆ ಇಷ್ಟು ಪೈಸೆ. ಅದಕ್ಕೆ ಕಿರ್ದಿಯಲ್ಲಿ ಬೇರೆಯೇ ಪುಟ. ಬೇಸಿಗೆಯ ಅರವಟ್ಟಿಗೆ, ಹಾಸ್ಟೆಲ್ಲಿನ ಅಕ್ಕಿ, ಜಾತ್ರೆಯ ದಾಸೋಹ, ಎಲ್ಲಾ ಆ ಪುಟದಿಂದಲೇ. ಆ ಪುಟಕ್ಕೆ ಮಾಲೀಕರೂ ಕೈ ಹಾಕುವ ಹಾಗಿಲ್ಲ ಅಂತ ದೊಡ್ಡಪ್ಪ ಹೇಳುತ್ತಿದ್ದರು. ರೈತನನ್ನು ಯಾರೂ ಕೇಳುತ್ತಿರಲಿಲ್ಲ ಅನ್ನುವುದೂ ಅಷ್ಟೇ ನಿಜ. ದುಡ್ಡು ಅವನದು, ಕಲ್ಲಿನ ಮೇಲೆ ಹೆಸರು ಅಂಗಡಿಯದು.

ಪದ್ಧತಿ ನಮ್ಮೂರದ್ದಷ್ಟೇ ಅಲ್ಲ. ಉತ್ತರ ಭಾರತದ ಬಿಜ್ಲಿ ಕಾಟನ್ ಮಿಲ್ಸ್ ಗಿರಾಕಿಗಳಿಂದ ಹೀಗೆಯೇ ಧರ್ಮದ ದುಡ್ಡು ಹಿಡಿಯುತ್ತಿತ್ತು. ಅದು ಗಿರಣಿಯ ಆದಾಯವೋ ಅಲ್ಲವೋ ಎಂಬ ತಕರಾರು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆದಾಯ ಅಲ್ಲ, ಧರ್ಮಕ್ಕೆಂದು ತೆಗೆದದ್ದು ಧರ್ಮಕ್ಕೇ ಸೇರಬೇಕು ಎಂದಿತು ಕೋರ್ಟು. ನಮ್ಮಲ್ಲಿ 1966ರ ಎಪಿಎಂಸಿ ಕಾಯ್ದೆ ಬಂದ ಮೇಲೆ ರೈತರ ಪಟ್ಟಿಯಲ್ಲಿ ಮನಸ್ಸಿಗೆ ಬಂದದ್ದನ್ನು ಹಿಡಿಯುವುದಕ್ಕೆ ತಡೆ ಬಿತ್ತು.

ಅಮೆರಿಕದ ಪಾಲು ಬರುವುದು 1983ರಲ್ಲಿ. ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿ, ನೀವು ಕಾರ್ಡ್ ಉಜ್ಜಿದಾಗಲೆಲ್ಲ ಲಿಬರ್ಟಿ ಪ್ರತಿಮೆಯ ರಿಪೇರಿಗೆ ಒಂದು ಸೆಂಟ್ ಕೊಡುತ್ತೇವೆ ಅಂದಿತು. ಸುಮಾರು 17 ಲಕ್ಷ ಡಾಲರ್ ಕೂಡಿತು, ಕಾರ್ಡಿನ ಬಳಕೆಯೂ ಏರಿತು. ಧರ್ಮದಿಂದ ವ್ಯಾಪಾರವೂ ಬೆಳೆಯುತ್ತದೆ ಅಂತ ಕಂಪನಿಗಳಿಗೆ ಗೊತ್ತಾದದ್ದು ಆಗಲೇ. 1999ರಲ್ಲಿ ಹಂಗರ್ ಸೈಟ್ ಅನ್ನುವ ವೆಬ್‌ಸೈಟ್ ಬಂತು, ಒಂದು ಕ್ಲಿಕ್ಕಿಗೆ ಹಸಿದವರಿಗೆ ಒಂದು ಬಟ್ಟಲು ಊಟ, ದುಡ್ಡು ಜಾಹೀರಾತಿನವರದು. ಆ ಸೈಟ್ ಮಾಡಿದ್ದ ಜಾನ್ ಬ್ರೀನ್ 2007ರಲ್ಲಿ ಫ್ರೀರೈಸ್ ಅನ್ನುವ ಕ್ವಿಜ್ ವೆಬ್‌ಸೈಟ್ ಶುರು ಮಾಡಿದರು. ಒಂದು ಸರಿ ಉತ್ತರಕ್ಕೆ 10 ಕಾಳು ಅಕ್ಕಿ, ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮದ ಮೂಲಕ. ಕೆಜಿಗೆ ಸುಮಾರು 50 ಸಾವಿರ ಕಾಳು ಅಂದುಕೊಂಡರೂ ಒಂದು ಕೆಜಿಗೆ 5,000 ಸರಿ ಉತ್ತರ ಬೇಕು! ಕೊಂಡ ಮಾಲಿನ ಬೆಲೆಯಲ್ಲಿ ಶೇ 0.5ರಷ್ಟನ್ನು ನೀವು ಹೇಳಿದ ಸಂಸ್ಥೆಗೆ ಕೊಡುವ ಅಮೆಜಾನ್ ಸ್ಮೈಲ್ 2013ರಲ್ಲಿ ಶುರುವಾಗಿ 2023ರಲ್ಲಿ ನಿಂತಿತು. ಸಂಸ್ಥೆಗಳು 10 ಲಕ್ಷಕ್ಕೂ ಜಾಸ್ತಿ, ಒಂದೊಂದಕ್ಕೆ ಸಿಕ್ಕಿದ್ದು ಸರಾಸರಿ 230 ಡಾಲರಿಗಿಂತ ಕಡಿಮೆ. ಹಂಚಿ ಹಂಚಿ ತೆಳುವಾಯಿತು ಅಂತ ಕಂಪನಿಯೇ ಹೇಳಿತು.

ಈಗಿನ ಗೊಂದಲ ಟಿಕ್ ಗುರುತಿನದು. ಕೆಲವು ಆ್ಯಪ್‌ಗಳಲ್ಲಿ ನೀವು ಮುಟ್ಟುವ ಮೊದಲೇ ದಾನದ ಚೌಕದಲ್ಲಿ ಟಿಕ್ ಬಿದ್ದಿರುತ್ತದೆ. 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಡಾರ್ಕ್ ಪ್ಯಾಟರ್ನ್ ಅಂತ ಆನ್‌ಲೈನ್ ವ್ಯಾಪಾರದ 13 ಬಗೆಯ ಮೋಸದ ಪಟ್ಟಿ ಹೊರಡಿಸಿತು. ಗಿರಾಕಿಯನ್ನು ಕೇಳದೆ ಬಿಲ್ಲಿಗೆ ದಾನ ಸೇರಿಸುವುದೂ ಅದರಲ್ಲಿದೆ. ಅಂದು ಮಂಡಿಯ ಪಟ್ಟಿಯಲ್ಲಿ ಇದ್ದ ಪ್ರಶ್ನೆಯೇ ಅಲ್ವಾ ಇದು?

ಇನ್ನು ಮೂರು ರೂಪಾಯಿಯ ತೂಕ. 2023ರಲ್ಲಿ ಅನ್ನಭಾಗ್ಯಕ್ಕೆ ಹೆಚ್ಚುವರಿ ಅಕ್ಕಿ ಸಿಗದೆ ರಾಜ್ಯ ಸರ್ಕಾರ ಕೆಜಿಗೆ 34 ರೂಪಾಯಿಯಂತೆ ದುಡ್ಡು ಹಾಕಿತು, 5 ಕೆಜಿಗೆ 170. ಆ ಲೆಕ್ಕದಲ್ಲಿ ನಾನು ಕೊಟ್ಟದ್ದು 90 ಗ್ರಾಂಗಿಂತ ಕಡಿಮೆ, ಎರಡು ಹಿಡಿ ಅಂದುಕೊಳ್ಳಿ. ವಿಶ್ವಸಂಸ್ಥೆಯ ಲೆಕ್ಕದಲ್ಲಿ 2024ರಲ್ಲಿ ಹಸಿದವರು ಸುಮಾರು 67 ಕೋಟಿ. ಅವರಲ್ಲಿ ಬಹಳಷ್ಟು ಜನ ಯುದ್ಧ, ಬರ, ಬೆಲೆ ಏರಿಕೆಯ ನಡುವೆ ಸಿಕ್ಕಿಬಿದ್ದವರು. ಎರಡು ಹಿಡಿ ಬೇಡ ಅನ್ನುವುದಿಲ್ಲ, ಮುಷ್ಟಿ ಅಕ್ಕಿಯೂ ಅಷ್ಟೇ ಇತ್ತು. ಆದರೆ ಅದನ್ನು ಒಯ್ಯಲು ಬರುವವರ ಮುಖ ಅಮ್ಮನಿಗೆ ಗೊತ್ತಿತ್ತು.

ಮುಂದಿನ ವಾರ ಅದೇ ಕೌಂಟರಿನಲ್ಲಿ "ಯಾವ ಸಂಸ್ಥೆಗಮ್ಮ ಹೋಗೋದು?" ಅಂತ ಕೇಳಿದೆ. ಹುಡುಗಿ ಪಾಪ ಸ್ಕ್ರೀನ್ ನನ್ನ ಕಡೆ ತಿರುಗಿಸಿದಳು. "ಡೊನೇಷನ್ 3.00" ಅಂತಿತ್ತು. "ಇಷ್ಟೇ ಬರುತ್ತೆ ಸರ್. ಹಾಕ್ಲಾ, ಬೇಡ್ವಾ?"